ಉಪ್ಪಿನ ತೆರಿಗೆ ಇಳಿಸಿದರು, ಶಾಲೆಗಾಗಿ ಸೋತರು: ಕಾಗಲ್‌ನಲ್ಲಿ ಓದಿದ ಗೋಖಲೆ

ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಮಾಲು ತರಲು ಹೋಗೋ ಅಂಗಡಿಯವರಿಗೆಲ್ಲ ಹೈವೇ ಪಕ್ಕದ ಕಾಗಲ್ ಗೊತ್ತು. ಗಾಂಧೀಜಿ ತಮ್ಮ ರಾಜಕೀಯ ಗುರು ಎಂದು ಒಪ್ಪಿಕೊಂಡ ಗೋಪಾಲ ಕೃಷ್ಣ ಗೋಖಲೆ ಚಿಕ್ಕಂದಿನಲ್ಲಿ ಶಾಲೆ ಕಲಿತದ್ದು ಇದೇ ಕಾಗಲ್‌ನಲ್ಲಿ, ಆಮೇಲೆ ಕೊಲ್ಹಾಪುರದಲ್ಲಿ.

ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ತಂದೆ ಕಾಗಲ್‌ನಲ್ಲಿ ನೌಕರಿಗಿದ್ದರು. ಗೋಪಾಲ 13ರ ಹುಡುಗನಿದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದ ಓದು ಬಿಟ್ಟು 15 ರೂಪಾಯಿ ಪಗಾರದ ಕೆಲಸಕ್ಕೆ ಸೇರಿದರು. ಅದರಲ್ಲಿ 8 ರೂಪಾಯಿ ತಮ್ಮನ ಓದಿಗೆ ಕಳಿಸುತ್ತಿದ್ದರು. ಅಂದ್ರೆ ದುಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಶಿಕ್ಷಣಕ್ಕೇ ಹೋಯಿತು. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ತಮ್ಮನಿಗಿಂತ ಆ ಅಣ್ಣನೇ ಹೆಚ್ಚು ನೆನಪಾಗ್ತಾರೆ.

1884ರಲ್ಲಿ ಬಿ.ಎ. ಮುಗಿಸಿದ ಗೋಖಲೆ ಪುಣೆಯಲ್ಲಿ ಮೇಷ್ಟ್ರಾದರು. ಫರ್ಗ್ಯುಸನ್ ಕಾಲೇಜಿನಲ್ಲಿ ತಿಂಗಳಿಗೆ 75 ರೂಪಾಯಿಗೆ ಪಾಠ ಹೇಳಿದರು. ಗಣಿತ ಚೆನ್ನಾಗಿ ಬಲ್ಲವರು. ಆ ಲೆಕ್ಕವೇ ಮುಂದೆ ವೈಸರಾಯ್ ಸಭೆಯಲ್ಲಿ ಕೆಲಸಕ್ಕೆ ಬಂತು.

1902ರ ಬಜೆಟ್ ಚರ್ಚೆಯಲ್ಲಿ ಅವರು ಸರಕಾರದ ಖಾತೆ ಪುಸ್ತಕವನ್ನೇ ಬಿಚ್ಚಿಟ್ಟರು. ಬರ, ಪ್ಲೇಗಿನಿಂದ ಜನ ಸಾಯುತ್ತಿದ್ದರೂ ಬೊಕ್ಕಸದಲ್ಲಿ ಹಣ ಉಳಿದಿತ್ತು. ಅದು ಲಾಭ ಅಲ್ಲ, ಬಡವರಿಂದ ಜಾಸ್ತಿ ಕಿತ್ತುಕೊಂಡ ತೆರಿಗೆ ಎಂಬುದು ಅವರ ವಾದ. ಆಗ ಒಂದು ಮಣ ಉಪ್ಪಿಗೆ ಎರಡೂವರೆ ರೂಪಾಯಿ ತೆರಿಗೆ ಇತ್ತು. ಅವರು ವರ್ಷ ವರ್ಷ ಹಿಡಿದು ಕೇಳಿದರು. 1907ರ ಹೊತ್ತಿಗೆ ಅದು 1 ರೂಪಾಯಿಗೆ ಇಳಿಯಿತು.

ಇನ್ನೊಂದು ವಾದ ಖರ್ಚಿನದು. ಸೈನ್ಯಕ್ಕೆ, ರೈಲ್ವೆಗೆ ಹಣ ಸಿಗುತ್ತದೆ, ಶಾಲೆ ಎಂದಾಗ ಮಾತ್ರ ಯಾಕೆ ಸಿಗಲ್ಲ ಎಂದು ಕೇಳುತ್ತಲೇ ಇದ್ದರು. 1911ರ ಮಾರ್ಚ್ 16ರಂದು ಪ್ರಾಥಮಿಕ ಶಿಕ್ಷಣ ಮಸೂದೆ ತಂದರು. 6ರಿಂದ 10 ವರ್ಷದ ಗಂಡು ಮಕ್ಕಳಿಗೆ ಮೊದಲು ಕಡ್ಡಾಯ ಶಾಲೆ. ಅದೂ ಎಲ್ಲ ಕಡೆ ಒಮ್ಮೆಲೇ ಅಲ್ಲ, ಸ್ಥಳೀಯ ಸಂಸ್ಥೆ ಒಪ್ಪಿದ ಊರಲ್ಲಿ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ಫೀ ಇಲ್ಲ. ಖರ್ಚಿನಲ್ಲಿ ಎರಡು ಪಾಲು ಸರಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದ್ದು ಇರಲಿ ಎಂದರು.

ಅಧಿಕಾರಿಗಳು ಒಪ್ಪಲಿಲ್ಲ. ದೊಡ್ಡ ಜಮೀನುದಾರರೂ ಎದುರು ನಿಂತರು. ಸೋಲುತ್ತೇನೆಂದು ಗೋಖಲೆಯವರಿಗೆ ಗೊತ್ತಿತ್ತು. ಆದರೂ ಮತಕ್ಕೆ ಹಾಕಿಸಿದರು. 1912ರ ಮಾರ್ಚ್ 19ರಂದು ಪರವಾಗಿ ಬಿದ್ದದ್ದು 13 ಮತ, ವಿರುದ್ಧ 38.

ಮರು ವರ್ಷವೇ, 1913ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಮಾಡಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಗೋಖಲೆ 1915ರ ಫೆಬ್ರವರಿ 19ರಂದು ತೀರಿಕೊಂಡರು. ವಯಸ್ಸು ಬರೀ 48. ದೇಶದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅವರು ಸೋತು 98 ವರ್ಷ ಆದ ಮೇಲೆ.

ಇವತ್ತೂ ಗಲ್ಲಾಪೆಟ್ಟಿಗೆಯಿಂದ ತಿಂಗಳಾ ತಿಂಗಳಾ ತೆರಿಗೆ ಹೋಗುತ್ತದೆ. ಊರಿನ ಶಾಲೆಯ ಸೂರು ಸೋರಿದರೆ ಅನುದಾನ ಇಲ್ಲ ಎಂಬ ಉತ್ತರ ಸುಲಭ. ಹಾಗಾದರೆ ಹಣ ಮೊದಲು ಎಲ್ಲಿಗೆ ಹೋಯಿತು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳೋದು ತಪ್ಪಲ್ಲ. ಕಾಗಲ್‌ನಲ್ಲಿ ಓದಿದ ಆ ಮೇಷ್ಟ್ರು ಜೀವನಪೂರ್ತಿ ಕೇಳಿದ್ದು ಅದನ್ನೇ.