ಹೈದರನೂ ಚಿನಕುರಳಿಯ ಸೋಲೂ

ಹೈದರಾಲಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಆತನ ಬಾಳಿನ ಅತ್ಯಂತ ದೊಡ್ಡ ಸೋಲು ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ ಒದಗಿತೆಂಬುದನ್ನು ನೆನೆಯುವವರು ಇನ್ನೂ ವಿರಳ. 1771ರ ಮಾರ್ಚ್ 5ರಂದು ಇಲ್ಲಿ ಮರಾಠರ ಸೈನ್ಯವು ಹೈದರನ ದಂಡನ್ನು ನುಚ್ಚುನೂರು ಮಾಡಿತು. ಉತ್ತರಕ್ಕೆ ಮೇಲುಕೋಟೆಯ ಬೆಟ್ಟಗಳು, ದಕ್ಷಿಣಕ್ಕೆ ಶ್ರೀರಂಗಪಟ್ಟಣ, ಸಮೀಪದಲ್ಲಿಯೇ ತೊಣ್ಣೂರಿನ ದೊಡ್ಡ ಕೆರೆ. ಈ ನಡುವಣ ನೆಲದಲ್ಲಿ ನಿಂತಾಗಲೆಲ್ಲ ನನಗೆ ಹೈದರನ ಗೆಲವುಗಳಿಗಿಂತ ಆ ಒಂದು ಮುಂಜಾವೇ ಹೆಚ್ಚಾಗಿ ನೆನಪಾಗುತ್ತದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪೋಕರ್ ಎಂಬ ಇಸ್ಪೀಟಿನಾಟದ ಪಂದ್ಯಾವಳಿಯ ಕ್ರಮವನ್ನು ನನಗೆ ವಿವರಿಸಿದನು. ಅದರಲ್ಲಿ ಕೈಯಲ್ಲಿರುವ ಬಿಲ್ಲೆಗಳೆಲ್ಲ ತೀರಿದರೆ ಆಟಗಾರನು ಎದ್ದು ಹೋಗಬೇಕು. ಸುಮ್ಮನೆ ಕುಳಿತರೂ ಕಡ್ಡಾಯದ ಪಣ ಸುತ್ತು ಸುತ್ತಿಗೂ ಅವನ್ನು ತಿನ್ನುತ್ತ ಹೋಗುತ್ತದೆ. ಕೆಲವೇ ಬಿಲ್ಲೆಗಳುಳಿದವನ ಎದುರಿಗೆ ಇನ್ನೊಬ್ಬನು ತನ್ನದೆಲ್ಲವನ್ನೂ ಪಣಕ್ಕೆ ತಳ್ಳಿದಾಗ, ಒಪ್ಪಿ ತಾನೂ ಎಲ್ಲವನ್ನೂ ಒಡ್ಡಬೇಕೆ, ಎಲೆಯನ್ನು ಕೆಳಗಿಟ್ಟು ಹಿಂದೆಗೆಯಬೇಕೆ ಎಂಬುದೇ ಆಟದ ಮರ್ಮವಂತೆ. ಗೆಲ್ಲುವ ಸಂಭವವೆಷ್ಟು ಎಂಬುದೊಂದೇ ಅಲ್ಲಿ ಪ್ರಶ್ನೆಯಲ್ಲ. ಸೋತರೆ ಮತ್ತೊಂದು ಆಟಕ್ಕೆ ತಾನು ಉಳಿಯುವೆನೆ ಎಂಬುದೂ ಪ್ರಶ್ನೆ. ಕೇಳುತ್ತಿದ್ದಾಗ ನನಗೆ ಮೊದಲು ನೆನಪಾದವನು, ಕುಗ್ಗುತ್ತ ಕುಗ್ಗುತ್ತ ಕಡೆಗೆ ಪಾಂಚಾಲಿಯನ್ನೂ ಒಡ್ಡಿದ ಧರ್ಮರಾಯ. ಅವನ ಬೆನ್ನಿಗೇ ಹೈದರನೂ ನೆನಪಾದನು.

ಪಣವಾಗುವುದೆಂದರೇನೆಂಬುದನ್ನು ಹೈದರನು ಬಾಲ್ಯದಲ್ಲಿಯೇ ಅರಿತವನು. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಆತನು ತಂದೆ ಫತೇ ಮಹಮ್ಮದನನ್ನು ಯುದ್ಧದಲ್ಲಿ ಕಳೆದುಕೊಂಡನು. ಆಗ ದೊಡ್ಡಬಳ್ಳಾಪುರದಲ್ಲಿ ಅಧಿಕಾರದಲ್ಲಿದ್ದ ಅಬ್ಬಾಸ್ ಕುಲಿಖಾನನು ಆ ಮನೆತನದಿಂದ ಹಣ ಹಿಂಡುವುದಕ್ಕಾಗಿ ಹೈದರನನ್ನೂ ಅವನಣ್ಣ ಷಾಬಾಜನನ್ನೂ ನಗಾರಿಯೊಳಗೆ ಕೂಡಿ ಹಿಂಸಿಸಿದನೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಓದುಬರಹ ಬಾರದ ಹುಡುಗನಾದ ಹೈದರನು ಮೈಸೂರಿನ ಸೇನೆಯನ್ನು ಸೇರಿ, 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದನು.

ಮೇಲೇರಿದವನು 1760ರ ಆಗಸ್ಟಿನಲ್ಲಿ ಒಮ್ಮೆಲೇ ಕೆಳಗುರುಳಿದನು. ಆತನೇ ಬೆಳೆಸಿದ ಖಂಡೇರಾಯನು ಅರಮನೆಯ ಪಕ್ಷವನ್ನು ಸೇರಿ, ಮರಾಠರ ದಂಡನ್ನು ಕರೆಸಿಕೊಂಡು, ಶ್ರೀರಂಗಪಟ್ಟಣದ ಕೋಟೆಯಿಂದ ಹೈದರನ ಬಿಡಾರದ ಮೇಲೆ ಗುಂಡು ಹಾರಿಸಿದನು. ಆಗ ಹೈದರನಲ್ಲಿದ್ದ ಬಲ ಅತ್ಯಲ್ಪ. ಎದುರಿಸಿ ಸಾಯಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಹೆಂಡಿರು ಮಕ್ಕಳನ್ನು, ಫಿರಂಗಿಗಳನ್ನು, ಖಜಾನೆಯ ಬಹುಭಾಗವನ್ನು ಹಿಂದೆಯೇ ಬಿಟ್ಟು, ಕೆಲವೇ ರಾವುತರೊಡನೆ ರಾತ್ರಿ ಕಾವೇರಿಯನ್ನು ದಾಟಿ ಆನೇಕಲ್ಲಿಗೂ ಅಲ್ಲಿಂದ ಬೆಂಗಳೂರಿಗೂ ಓಡಿದನು. ಬಿಟ್ಟುಹೋದ ಮಕ್ಕಳಲ್ಲಿ ಒಂಬತ್ತು ವರ್ಷದ ಟಿಪ್ಪುವೂ ಇದ್ದನು. ಮತ್ತೆ ಸೇನೆ ಕಟ್ಟಿ ನಂಜನಗೂಡಿನ ಬಳಿ ಕಾದಿ ಪುನಃ ಸೋತನು. ಆಗ, ತಾನೇ ಹಿಂದೆ ಅಧಿಕಾರದಿಂದ ಇಳಿಸಿದ್ದ ನಂಜರಾಜಯ್ಯನಿದ್ದ ಕೊಣನೂರಿಗೆ ಹೋಗಿ ಆತನ ಕಾಲು ಹಿಡಿದನು. ಬಳಿಕ ನಂಜರಾಜಯ್ಯನ ಹೆಸರಿನಲ್ಲಿ ಖಂಡೇರಾಯನ ಸರದಾರರಿಗೆ ಸುಳ್ಳು ಕಾಗದಗಳನ್ನು ಬರೆಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಿದನು. ತನ್ನವರೇ ತನ್ನನ್ನು ಹಿಡಿದುಕೊಡುವರೆಂದು ಬೆದರಿ ಖಂಡೇರಾಯನು ಕಟ್ಟೆಮಳಲವಾಡಿಯ ಪಾಳೆಯದಿಂದ ಓಡಿಹೋದನು. 1761ರ ಹೊತ್ತಿಗೆ ಮೈಸೂರು ಹೈದರನ ಕೈಯಲ್ಲಿತ್ತು.

ಹೈದರನಿಗೆ ಸರ್ವಸ್ವವನ್ನೂ ಒಡ್ಡಲು ಬಾರದೆಂದು ಇದರಿಂದ ತಿಳಿಯಬಾರದು. 1769ರ ಮಾರ್ಚಿನಲ್ಲಿ ಸುಮಾರು ಆರು ಸಾವಿರ ಕುದುರೆಗಳೊಡನೆ ಮದರಾಸಿನ ಬಾಗಿಲಿಗೇ ಹೋಗಿ ನಿಂತು, ಏಪ್ರಿಲಿನಲ್ಲಿ ಇಂಗ್ಲಿಷರಿಂದ ಕೌಲು ಬರೆಸಿಕೊಂಡವನೂ ಇವನೇ. ಅಂದು ಪಣವನ್ನು ತಳ್ಳಿದವನು ತಾನು, ಚಿಂತಿಸಬೇಕಾದವರು ಎದುರಿನವರು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗಬೇಕೆಂದು ಆ ಕೌಲಿನಲ್ಲಿತ್ತು. ಆದರೆ ಮರಾಠರು ಬಂದಾಗ ಇಂಗ್ಲಿಷರು ಬರಲಿಲ್ಲ.

ಪೇಶ್ವೆ ಮಾಧವರಾಯನು 1770ರಲ್ಲಿ ದೊಡ್ಡ ಸೈನ್ಯದೊಡನೆ ಬಂದು ಕೋಟೆಯ ಮೇಲೆ ಕೋಟೆಯನ್ನು ಹಿಡಿದನು. ನಿಜಗಲ್ಲು ಬಿದ್ದುದು ಆಗಲೇ. ಪೇಶ್ವೆಯು ಕಾಯಿಲೆಯಿಂದ ಹಿಂದಿರುಗಿದ ಮೇಲೆ ತ್ರ್ಯಂಬಕರಾಯನು ದಂಡಿನ ಹೊಣೆ ಹೊತ್ತನು. ಹೈದರನು ಮೇಲುಕೋಟೆಯ ಬೆಟ್ಟಗಳನ್ನು ಬೆನ್ನಿಗಿಟ್ಟುಕೊಂಡು ಪಾಳೆಯವಿಳಿದನು. ನೆಲೆಯೇನೋ ಭದ್ರ. ಆದರೆ ಮರಾಠರ ಕುದುರೆದಂಡು ಸುತ್ತ ಮುತ್ತಿ ಫಿರಂಗಿ ಹಾರಿಸುತ್ತಿರಲು, ಒಳಗಿನ ಕಾಳುಕಡ್ಡಿ, ಮೇವು, ಧೈರ್ಯ ಎಲ್ಲವೂ ದಿನದಿನಕ್ಕೆ ಕರಗಿದುವು. ಕಾಯುವುದಕ್ಕೂ ಅಲ್ಲಿ ಬೆಲೆ ತೆರಬೇಕಾಗಿತ್ತು. ಕೆಳಗಿಳಿದು ಕಾದುವುದೆಂದರೆ ಶತ್ರುವಿಗೆ ಬೇಕಾದ ಬಯಲಿನಲ್ಲಿ ಎಲ್ಲವನ್ನೂ ಒಡ್ಡಿದಂತೆ.

ಹೈದರನು ರಾತ್ರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳಲು ನಿಶ್ಚಯಿಸಿದನು. ನಿಶ್ಚಯ ಸರಿಯಾದುದೇ, ನಡೆಸಿದ ರೀತಿ ಮಾತ್ರ ಹದಗೆಟ್ಟಿತು. ಆ ರಾತ್ರಿ ಹೈದರನು ಮದ್ಯದ ಅಮಲಿನಲ್ಲಿದ್ದನೆಂದೂ, ಇಪ್ಪತ್ತು ವರ್ಷದ ಟಿಪ್ಪುವನ್ನು ಎಲ್ಲರೆದುರಿಗೆ ಹೊಡೆದನೆಂದೂ, ನೊಂದ ಮಗನು ಅಂದು ಕತ್ತಿ ಹಿಡಿಯೆನೆಂದು ಶಪಥ ಮಾಡಿದನೆಂದೂ ವಿಲ್ಕ್ಸ್ ಬರೆದಿದ್ದಾನೆ. ದಂಡು ಹೊರಟ ಸುಳಿವು ಮರಾಠರಿಗೆ ಹತ್ತಿತು. ಬೆಳಗಾಗುವಾಗ ಚಿನಕುರಳಿಯ ಬಳಿ ದಣಿದ ಸೈನ್ಯವನ್ನು ಅವರು ಮುತ್ತಿಕೊಂಡರು. ಬಾಣಗಳನ್ನು ಹೊತ್ತ ಒಂಟೆಯೊಂದಕ್ಕೆ ಗುಂಡು ತಾಗಿ, ಹತ್ತಿದ ಬೆಂಕಿ ಮದ್ದಿನ ಪೆಟ್ಟಿಗೆಗಳಿಗೂ ಹಬ್ಬಿತೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಅದು ಯುದ್ಧವಾಗಿರಲಿಲ್ಲ, ಕೊಲೆಯೂ ಸುಲಿಗೆಯೂ ಆಗಿತ್ತು. ಹೈದರನು ಕುದುರೆಯೇರಿ ತಪ್ಪಿಸಿಕೊಂಡನು. ಕಾವೇರಿಯ ಉತ್ತರದ ದಡದ ದರ್ಗಾದಲ್ಲಿ ಮಗನ ಹಾದಿ ಕಾದನು. ರಾತ್ರಿ ಟಿಪ್ಪುವು ಫಕೀರನ ವೇಷದಲ್ಲಿ ಬಂದು ಸೇರಿದನು.

ತರಗತಿಯಲ್ಲಿ ಈ ಪ್ರಸಂಗ ಬಂದಾಗಲೆಲ್ಲ ನಾನು ಬಹುಕಾಲ ಇದನ್ನು ಕುಡಿತದ ಫಲವೆಂದೇ ಹೇಳಿ ಮುಗಿಸುತ್ತಿದ್ದೆ. ಈಗ ಹಾಗೆ ಹೇಳಲಾರೆ. ಮರಾಠರು ಕೊಳ್ಳೆಯಲ್ಲಿ ಮೈಮರೆತು ಕೂಡಲೇ ರಾಜಧಾನಿಯ ಮೇಲೆ ಬೀಳಲಿಲ್ಲ. ಆ ಬಿಡುವಿನಲ್ಲಿ ಹೈದರನು ಚದರಿದವರನ್ನು ಕೂಡಿಸಿ, ಖಜಾನೆ ತೆರೆದು, ಕೋಟೆಯನ್ನು ಬಲಪಡಿಸಿದನು. ಮುತ್ತಿಗೆ ಬಿದ್ದ ಮೇಲೆ ಶತ್ರು ಎಷ್ಟು ಕೆಣಕಿದರೂ ಬಯಲಿಗೆ ಬಂದು ಕೊನೆಯ ಪಣವನ್ನು ಒಡ್ಡಲಿಲ್ಲ. ಮೇಲುಕೋಟೆಯಲ್ಲಿ ಕಾಲವು ಅವನ ಕಡೆಗಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಇತ್ತು. ಮಳೆಗಾಲ ಬಂದು ಕಾವೇರಿ ತುಂಬಿದರೆ ದ್ವೀಪದ ಕೋಟೆಯನ್ನು ಯಾರೂ ಮುಟ್ಟಲಾರರು. ಒಂದು ತಿಂಗಳಿಗೂ ಮೇಲೆ ಹೆಣಗಿ ಮರಾಠರು ಮುತ್ತಿಗೆ ತೆಗೆದರು. 1772ರಲ್ಲಿ ಹೈದರನು ಲಕ್ಷಾಂತರ ರೂಪಾಯಿಗಳನ್ನೂ ಶಿರಾ ಮೊದಲಾದ ಸೀಮೆಗಳನ್ನೂ ಕೊಟ್ಟು ಒಪ್ಪಂದ ಮಾಡಿಕೊಂಡನು. ಅದೇ ನವೆಂಬರಿನಲ್ಲಿ ಮಾಧವರಾಯನು ತೀರಿಕೊಂಡನು. ಮರುವರ್ಷ ಪುಣೆಯಲ್ಲಿ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು. ಆ ಗೊಂದಲದಲ್ಲಿ, 1774ರೊಳಗಾಗಿ, ಕಳೆದುಕೊಂಡ ನಾಡಿನ ಬಹುಭಾಗ ಹೈದರನಿಗೆ ಮರಳಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಸಾಯುವಾಗಲೂ ಅವನು ಸೋತ ದೊರೆಯಾಗಿರಲಿಲ್ಲ.

ಕಳೆದುಕೊಂಡುದಕ್ಕೆ ಮರುಗುತ್ತ ಉಳಿದುದನ್ನೂ ಒಡ್ಡುವುದು ಧರ್ಮರಾಯನ ದಾರಿ. ಹೋದುದನ್ನು ಹೋಯಿತೆಂದು ಬಿಟ್ಟು, ಉಳಿದುದಕ್ಕೆ ಕಾಲ ನೆರವಾಗುವ ಎಡೆಯನ್ನು ಹುಡುಕುವುದು ಹೈದರನ ದಾರಿ. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಮೆಚ್ಚುಗೆ ಒಂದೆಡೆ ತಡೆಯುತ್ತದೆ. ಆಟದಲ್ಲಿ ಹೋಗುವುವು ಬಿಲ್ಲೆಗಳು. ಇಲ್ಲಿ ಹೋದವರು ಮನುಷ್ಯರು. ಗೆದ್ದ ಮರಾಠರು ಮೇಲುಕೋಟೆಯನ್ನು ಸೂರೆಮಾಡಿ, ಕಬ್ಬಿಣದ ಪಟ್ಟಿಗಳ ಆಸೆಗಾಗಿ ದೇವರ ತೇರುಗಳನ್ನು ಸುಟ್ಟರೆಂದು ವಿಲ್ಕ್ಸ್ ತಿಳಿಸುತ್ತಾನೆ. ಆ ಊರಿನವರು ಯಾವ ಪಣವನ್ನೂ ಒಡ್ಡಿರಲಿಲ್ಲ. ಹೈದರನು ಮೂರೇ ವರ್ಷಗಳಲ್ಲಿ ತನ್ನ ನಷ್ಟವನ್ನು ತುಂಬಿಕೊಂಡನು. ಚಿನಕುರಳಿಯಲ್ಲಿ ಬಿದ್ದ ಸಿಪಾಯಿಗಳ ಮನೆಗಳಲ್ಲಿ ಆ ನಷ್ಟ ತುಂಬಿತೆಂದು ಯಾವ ಚರಿತ್ರೆಯೂ ಬರೆದಿಲ್ಲ.