ಹಿಡಿಕೆ ಕಳಚಿದ ಪಂಪು

2005ರಲ್ಲಿ ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ ನೆನಪಾದವರು ಡಾ. ಜಾನ್ ಸ್ನೋ. ಕಾರಣ ಕೊನೆಗೆ ಹೇಳುತ್ತೇನೆ.

ಸ್ನೋ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಯಾರ್ಕ್ ಊರಿನ ಕೂಲಿಕಾರರೊಬ್ಬರ ಮನೆಯಲ್ಲಿ. 14ನೇ ವಯಸ್ಸಿಗೇ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಮುಂದೆ ಲಂಡನ್ನಿನಲ್ಲಿ ಅರಿವಳಿಕೆ ಕೊಡುವುದರಲ್ಲಿ ಹೆಸರು ಮಾಡಿ, 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರಂ ಕೊಟ್ಟರು.

ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆಂದು ದೊಡ್ಡ ವೈದ್ಯರೇ ನಂಬಿದ್ದ ಕಾಲವದು. ನೀರಿನಿಂದ ಬರುತ್ತದೆಂದು ಸ್ನೋ 1849ರಲ್ಲೇ ಬರೆದರು, ಹೆಚ್ಚಿನವರು ಕಿವಿಗೊಡಲಿಲ್ಲ. 1854ರ ಆಗಸ್ಟ್ ಕೊನೆಗೆ ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಎದ್ದು, ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಮನೆಗಳಿಗೆ ಹೋಗಿ ಸ್ನೋ ಕೇಳಿದ್ದು ಒಂದೇ: ನೀರು ಎಲ್ಲಿಂದ ತರುತ್ತಿದ್ದರು? ಹೆಚ್ಚಿನವರು ಬೀದಿಯ ಪಂಪಿನತ್ತ ಕೈ ತೋರಿಸಿದರು. ಅಲ್ಲೇ ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸತ್ತಿರಲಿಲ್ಲ, ಅವರು ಆ ನೀರು ಕುಡಿಯುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನ ವಿಧವೆಯೊಬ್ಬರು ರುಚಿಗೆಂದು ಅದೇ ನೀರು ತರಿಸಿ ಕುಡಿದು ತೀರಿಕೊಂಡಿದ್ದರು. ಸೆಪ್ಟೆಂಬರ್ 7ರಂದು ಸ್ನೋ ಪಂಪಿನ ವಿಷಯವನ್ನು ಸ್ಥಳೀಯ ಮಂಡಳಿಯ ಮುಂದಿಟ್ಟರು. ಮರುದಿನ ಪಂಪಿನ ಹಿಡಿಕೆ ಕಳಚಿದರು. ಅಷ್ಟರಲ್ಲಿ ರೋಗ ಇಳಿಯುತ್ತಿತ್ತು ಎಂದು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ.

ನನಗೆ ಇಷ್ಟವಾಗುವುದು ಆಮೇಲಿನ ಕಥೆ. ಅಲ್ಲಿನ ಚರ್ಚಿನ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್‌ಗೆ ಸ್ನೋ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅದು ತಪ್ಪೆಂದು ತೋರಿಸಲೆಂದೇ ಪರಿಚಯದ ಮನೆಗಳಿಗೆ ಮತ್ತೆ ಮತ್ತೆ ಹೋದರು. ಕೊನೆಗೆ ಒಪ್ಪಬೇಕಾಯಿತು. 40ನೇ ನಂಬರಿನ ಮನೆಯ ಹಸುಗೂಸಿಗೆ ಎಲ್ಲರಿಗಿಂತ ಮೊದಲು ಭೇದಿ ಹಿಡಿದಿತ್ತೆಂದು ಪತ್ತೆ ಮಾಡಿದವರೂ ಅವರೇ. ಕೂಸಿನ ಬಟ್ಟೆ ತೊಳೆದ ನೀರು ಸುರಿದ ಗುಂಡಿ ಪಂಪಿನ ಬಾವಿಗೆ ಮೂರಡಿಯೂ ದೂರವಿರಲಿಲ್ಲ.

ಸ್ನೋ 1858ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡರು.

2020ರಲ್ಲಿ ವರ್ಕ್ ಫ್ರಂ ಹೋಂ ಎಂದು ಊರಿಗೆ ಬಂದವನು, ಹೊರಗಿನಿಂದ ಬಂದವರ ಮನೆಗಳ ಮ್ಯಾಪನ್ನು ಎರಡು ರಾತ್ರಿ ಕೂತು ಮಾಡಿದೆ. ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದು ತೋರಿಸಿದರೆ, ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಒಮ್ಮೆ ನೋಡಿ, ತೋಟದ ಮನೆಗಳೇ ಇದರಲ್ಲಿಲ್ಲವಲ್ಲಪ್ಪಾ ಎಂದರು. ಮರುದಿನದಿಂದ ಅವರ ಹಿಂದೆ ನಡೆದೆ. ಮುಚ್ಚಿಟ್ಟ ಜ್ವರವನ್ನು ಜನ ಅವರ ಬಳಿ ಹೇಳಿಕೊಂಡರು. ನಾನೊಬ್ಬನೇ ಹೋಗಿದ್ದರೆ ಬಾಗಿಲನ್ನೂ ತೆರೆಯುತ್ತಿರಲಿಲ್ಲ.