ಅಂಕೋಲೆಯ ಸುಕ್ರಜ್ಜಿ

ಮಕ್ಕಳೇ, ನಮ್ಮ ಕೂಟದ ಕನ್ನಡ ತರಗತಿಯಲ್ಲಿ ಕುವೆಂಪು, ಬೇಂದ್ರೆ, ಕಾರಂತರ ಹೆಸರು ನಿಮಗೆಲ್ಲ ಬಾಯಿಪಾಠ. ಆ ಸಾಲಿಗೆ ಓದುಬರಹ ಬಾರದ ಒಬ್ಬ ಅಜ್ಜಿಯನ್ನೂ ಸೇರಿಸಬೇಕು ಎನ್ನುವುದು ನನ್ನ ವಾದ. ಹೆಸರು ಸುಕ್ರಿ ಬೊಮ್ಮಗೌಡ. ಊರವರಿಗೆ ಸುಕ್ರಜ್ಜಿ.

ಕರ್ನಾಟಕದ ನಕ್ಷೆ ತೆಗೆದು ಕರಾವಳಿಯ ಮೇಲ್ತುದಿ ನೋಡಿ. ಗೋವಾ ದಾಟಿದ ಕೂಡಲೇ ಕಾರವಾರ, ಅಲ್ಲಿಂದ ದಕ್ಷಿಣಕ್ಕೆ ಅಂಕೋಲಾ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ, ನಡುವೆ ಭತ್ತದ ಗದ್ದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಇದು. ಇಲ್ಲಿನ ಕರಿ ಈಶಾಡು ಮಾವು ತಿಂದವರು ಬೇರೆ ಮಾವನ್ನು ಸುಲಭಕ್ಕೆ ಹೊಗಳುವುದಿಲ್ಲ! ಈ ತಾಲ್ಲೂಕಿನ ಬಡಿಗೇರಿ ಎಂಬ ಹಳ್ಳಿಯಲ್ಲಿ ಸುಕ್ರಜ್ಜಿ ಬಾಳಿದರು. ಅವರದು ಹಾಲಕ್ಕಿ ಒಕ್ಕಲಿಗ ಸಮುದಾಯ. ಗದ್ದೆ ಕೆಲಸ, ಕೂಲಿ, ಗುಮಟೆ ವಾದ್ಯ ಬಡಿದು ಹಾಡುವ ಗುಮಟೆ ಪಾಂಗು, ಹೋಳಿಯ ಹೊತ್ತಿಗೆ ಗಂಡಸರು ತಲೆಗೆ ತುರಾಯಿ ಕಟ್ಟಿ ಕುಣಿಯುವ ಸುಗ್ಗಿ ಕುಣಿತ, ಇವೆಲ್ಲ ಆ ಸಮುದಾಯದ ಬದುಕು. ಹೆಂಗಸರ ಕೊರಳಲ್ಲಿ ಎದೆ ಮುಚ್ಚುವಷ್ಟು ಮಣಿಸರಗಳು, ಮೂಗಲ್ಲಿ ದೊಡ್ಡ ಮೂಗುತಿ. ಸುಕ್ರಜ್ಜಿಯ ಯಾವ ಫೋಟೋ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಆ ಮಣಿಸರ.

1937ರ ಸುಮಾರಿಗೆ ಹುಟ್ಟಿದ ಈ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹಾಡು ಬಂದದ್ದು ತಾಯಿಯಿಂದ. ಎಳೆಯ ವಯಸ್ಸಿನಲ್ಲೇ, ತಮಗಿಂತ ತುಂಬ ದೊಡ್ಡವರಾದ ಬೊಮ್ಮಗೌಡರೊಂದಿಗೆ ಮದುವೆ. ಹೆತ್ತ ಎರಡು ಮಕ್ಕಳೂ ಉಳಿಯಲಿಲ್ಲ. ಒಬ್ಬ ಹುಡುಗನನ್ನು ಸಾಕಿಕೊಂಡರು. ಆಮೇಲೆ ಗಂಡನೂ ತೀರಿಕೊಂಡರು. ಇಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ದುಃಖದ ಪಟ್ಟಿಯಿಂದಲೇ ಅವರನ್ನು ಗುರುತಿಸುವುದು ನನಗೆ ಇಷ್ಟವಿಲ್ಲ.

ಹಾಡಿನ ವಿಷಯಕ್ಕೆ ಬರೋಣ. ಸುಕ್ರಜ್ಜಿಗೆ ಐದು ಸಾವಿರ ಹಾಡು ಬರುತ್ತಿದ್ದವೆಂದು ಪತ್ರಿಕೆಗಳು ಬರೆದವು. ಲೆಕ್ಕ ಪತ್ರಿಕೆಯವರದು, ಅಜ್ಜಿ ಎಣಿಸಿ ಹಾಡಿದವರಲ್ಲ. ಪುಸ್ತಕವಿಲ್ಲದೆ, ಫೋನಿಲ್ಲದೆ ಅಷ್ಟೊಂದು ನೆನಪಿರುವುದು ಹೇಗೆ ಎಂದು ನೀವು ಕೇಳಬಹುದು. ಹಳ್ಳಿಯ ಹಾಡು ಕೆಲಸಕ್ಕೆ ಅಂಟಿಕೊಂಡಿರುತ್ತದೆ. ನಟ್ಟಿಗೊಂದು ಹಾಡು, ಬೀಸುವಾಗ ಒಂದು, ಮದುವೆಯಲ್ಲಿ ಅರಿಸಿನ ಹಚ್ಚುವುದಕ್ಕೊಂದು, ಮದುಮಗಳನ್ನು ಕಳಿಸಿಕೊಡುವುದಕ್ಕೊಂದು. ಕೆಲಸ ಶುರುವಾದರೆ ಹಾಡು ತಾನೇ ನೆನಪಾಗುತ್ತದೆ. ಒಂದೇ ಒರಳಿಗೆ ಇಬ್ಬರು ಎದುರುಬದುರು ನಿಂತು ಭತ್ತ ಕುಟ್ಟುವುದನ್ನು ಕಲ್ಪಿಸಿಕೊಳ್ಳಿ. ಒಬ್ಬಳ ಒನಕೆ ಇಳಿಯುವಾಗ ಇನ್ನೊಬ್ಬಳದು ಏಳಬೇಕು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಅಲ್ಲಿ ತಾಳ ಹಾಕಲು ಬೇರೆ ಯಾರೂ ಬೇಕಾಗಿಲ್ಲ.

ಇನ್ನೊಂದು ಗುಟ್ಟು ಇದೆ. ಇಂಥ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಜೊತೆಯವರು ಅದನ್ನೇ ಹಿಡಿದು ಮತ್ತೆ ಹಾಡುತ್ತಾರೆ. ಅವರು ಹಾಡಿ ಮುಗಿಸುವಷ್ಟರಲ್ಲಿ ಸೊಲ್ಲು ಎತ್ತಿದವಳಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ನೆನಪಾಗುತ್ತದೆ. ಒಬ್ಬರು ಮರೆತದ್ದನ್ನು ಪಕ್ಕದವರು ಎತ್ತಿಕೊಡುತ್ತಾರೆ. ಅಂದರೆ ಹಾಡು ಉಳಿಯಬೇಕಾದರೆ ಗೆಳತಿಯರು ಬೇಕು. ಸುಕ್ರಜ್ಜಿಯೂ ಹೆಂಗಸರ ತಂಡ ಕಟ್ಟಿಕೊಂಡು ಹಾಡಿದವರು. ಪತ್ರಿಕೆಗಳಲ್ಲಿ ಅವರೊಬ್ಬರ ಮುಖವೇ ದೊಡ್ಡದಾಗಿ ಬಂದದ್ದು ನನಗೆ ಸ್ವಲ್ಪ ಅನ್ಯಾಯವಾಗಿ ಕಾಣುತ್ತದೆ. ಅವರ ಹಾಡುಗಳನ್ನು ಕಾರವಾರದ ಆಕಾಶವಾಣಿ ಧ್ವನಿಮುದ್ರಿಸಿಕೊಂಡಿತು. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನಾವು ಕೇಳುವುದು ಎಲ್ಲಿಂದ?

ಅಜ್ಜಿ ಹಾಡಿಕೊಂಡು ಸುಮ್ಮನೆ ಕೂತಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಅವರ ಸಾಕುಮಗ ಕುಡಿತದಿಂದ ಸತ್ತ. ಊರಿನ ಎಷ್ಟೋ ಮನೆಗಳಲ್ಲಿ ಇದೇ ಕತೆ. ಗಂಡಸರ ಕೂಲಿ ಹಣ ಸಾರಾಯಿ ಅಂಗಡಿಗೆ, ಹೆಂಗಸರ ಕೂಲಿ ಹಣ ಮನೆಯ ಗಂಜಿಗೆ. ಸುಕ್ರಜ್ಜಿ ಹೆಂಗಸರನ್ನು ಒಟ್ಟು ಸೇರಿಸಿ ಸಾರಾಯಿ ಮಾರಾಟದ ವಿರುದ್ಧ ನಿಂತರು. ಒಟ್ಟಿಗೆ ಸೊಲ್ಲು ಹಿಡಿದು ಅಭ್ಯಾಸವಿದ್ದವರಿಗೆ ಒಟ್ಟಿಗೆ ನಿಲ್ಲುವುದು ಹೊಸದೇನೂ ಆಗಿರಲಿಕ್ಕಿಲ್ಲ ಎಂದು ನನಗನಿಸುತ್ತದೆ. ಇಂಥ ಹೋರಾಟ ಕರ್ನಾಟಕದ ಬೇರೆ ಕಡೆಗಳಲ್ಲೂ ನಡೆಯಿತು. ಕೊನೆಗೆ 2007ರಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು.

ಸುಕ್ರಜ್ಜಿಯ ಅಂಕೋಲಾ ತಾಲ್ಲೂಕಿನದೇ ಹೊನ್ನಳ್ಳಿಯಲ್ಲಿ ಇನ್ನೊಬ್ಬ ಹಾಲಕ್ಕಿ ಅಜ್ಜಿ ಇದ್ದರು: ತುಳಸಿ ಗೌಡ. ಅವರಿಗೂ ಅಕ್ಷರ ಬಾರದು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ಬೀಜ ಆಯ್ದು ಸಸಿ ಬೆಳೆಸಿದವರು. ಕಾಡಿನಲ್ಲಿ ಯಾವ ಮರದ ಬೀಜ ಒಳ್ಳೆಯದು, ಅದನ್ನು ಯಾವಾಗ ಆಯಬೇಕು ಎಂದು ತಿಳಿಯಲು ಅಧಿಕಾರಿಗಳೇ ಅವರನ್ನು ಕೇಳುತ್ತಿದ್ದರು. ಸುಕ್ರಜ್ಜಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ತುಳಸಜ್ಜಿ 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದು ಹೋಗಿ ಪದ್ಮಶ್ರೀ ಪಡೆದರು. ಆ ಚಿತ್ರವನ್ನು ನಿಮ್ಮ ಅಪ್ಪ ಅಮ್ಮ ಖಂಡಿತ ನೋಡಿರುತ್ತಾರೆ. ಒಂದು ತಾಲ್ಲೂಕು, ಒಂದು ಸಮುದಾಯ, ಕೂಲಿ ಮಾಡಿ ಬದುಕಿದ ಇಬ್ಬರು ಅಜ್ಜಿಯರು, ಎರಡು ಪದ್ಮಶ್ರೀ! ತುಳಸಜ್ಜಿ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರುವರಿ 13ರಂದು ಸುಕ್ರಜ್ಜಿಯೂ ಹೋದರು.

ಪ್ರಶಸ್ತಿ ಬಂದ ಮೇಲೂ ಸುಕ್ರಜ್ಜಿ ಕೇಳಿದ್ದು ತಮ್ಮ ಜನಕ್ಕಾಗಿ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು, ಮಕ್ಕಳ ಓದಿಗೂ ಕೆಲಸಕ್ಕೂ ಅದರಿಂದ ದಾರಿಯಾಗುತ್ತದೆ ಎಂಬುದು ಆ ಸಮುದಾಯದ ಹಳೆಯ ಬೇಡಿಕೆ. ಅಜ್ಜಿ ಬದುಕಿರುವವರೆಗೆ ಅದು ಈಡೇರಲಿಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಹಾಡಲು ಹೆಸರು ಕೊಡುವವರಿಗೆ ಒಂದು ಮಾತು. ಕರೋಕೆ ಹಾಕಿಕೊಂಡು ಒಬ್ಬೊಬ್ಬರೇ ಬರಬೇಡಿ. ನಾಲ್ಕೈದು ಜನ ಸೇರಿ ಬನ್ನಿ. ಒಬ್ಬರು ಸೊಲ್ಲು ಎತ್ತಿ, ಉಳಿದವರು ಹಿಡಿಯಿರಿ. ಯಾವ ಹಾಡೆಂದು ನಿಮ್ಮ ಮನೆಯ ಅಜ್ಜಿಯನ್ನೇ ಕೇಳಿ.